ಫಿಲಿಪ್ಪೀನ್ಸ್‌ಗೆ ಕ್ಯಾಮೆರಾ ಹಿಡಿದು ಹೊರಟಿದ್ದೀರಾ? ಮೊದಲು ಊಟಕ್ಕೆ ಕೂತ್ಕೊಳ್ಳಿ

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಹತ್ತು ವರ್ಷದಿಂದ ಫೋಟೊಗ್ರಫಿ ಹುಚ್ಚು. ಹೆಂಡತಿ ಜೊತೆ 12 ದಿನ ಫಿಲಿಪ್ಪೀನ್ಸ್ ಸುತ್ತುವ ಯೋಚನೆ ಇದೆ. ಮನಿಲಾ, ವಿಗಾನ್, ಬನಾವೆ, ಬೊರಕಾಯ್, ಪಲವಾನ್, ಸೆಬು, ಬೊಹೋಲ್, ಸಿಯಾರ್ಗಾವೊ – ಇಷ್ಟು ಪಟ್ಟಿ ಮಾಡಿದ್ದೇನೆ. ಯಾವ ತಿಂಗಳು ಒಳ್ಳೆಯದು? ಯಾವ ಲೆನ್ಸ್ ಒಯ್ಯಲಿ? ಡ್ರೋನ್ ಬೇಕಾ? ನಾನು ಸಸ್ಯಾಹಾರಿ, ಮೊಟ್ಟೆ ಮಾತ್ರ ನಡೆಯುತ್ತದೆ. ಮನೆಯವರು ಕಾರವಾರದ ಕಡೆಯವರು, ಮೀನು ಬಿಟ್ಟು ಇರಲ್ಲ. ಇಬ್ಬರಿಗೂ ಊಟ ಸಿಗುತ್ತಾ? ಇನ್ನೊಂದು: ಬಲೂಟ್ ಅನ್ನೋ ಮೊಟ್ಟೆಯ ಫೋಟೊ ಬೇಕೇ ಬೇಕು ಅಂತ ಮಗ ಹಟ ಹಿಡಿದಿದ್ದಾನೆ. ಅದೇನು?

ಉತ್ತರ: ಮೊದಲು ಆ ಪಟ್ಟಿಯಲ್ಲಿ ಐದು ಹೆಸರು ಹೊಡೆದುಹಾಕಿ. ಮನಿಲಾ, ಬನಾವೆ, ಬೊಹೋಲ್ – ಈ ಮೂರು ಉಳಿಯಲಿ.

ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಸಲ ಹೋದಾಗ ನಾನೂ 11 ದಿನದಲ್ಲಿ ಆರು ದ್ವೀಪ ಸುತ್ತಿದ್ದೆ. ಆ ದೇಶದಲ್ಲಿ ಇರೋದು 7,600ಕ್ಕೂ ಜಾಸ್ತಿ ದ್ವೀಪ. ನಕಾಶೆಯಲ್ಲಿ ಒಂದರ ಮಗ್ಗುಲಲ್ಲಿ ಒಂದು ಕಾಣುತ್ತವೆ. ಆದರೆ ಒಂದು ಬಿಟ್ಟು ಇನ್ನೊಂದಕ್ಕೆ ಹೋಗೋದು ಅಂದ್ರೆ ಒಂದು ಹಗಲು ಕೈಬಿಟ್ಟಿತು ಅಂತಲೇ ಲೆಕ್ಕ. ರೂಮು ಖಾಲಿ ಮಾಡಬೇಕು, ಬಂದರಿಗೆ ಓಡಬೇಕು, ಕಾಯಬೇಕು. ಗಾಳಿ ಜೋರಾದರೆ ಅಂದಿನ ದೋಣಿ ಬಿಡೋದೇ ಇಲ್ಲ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಆರು ಕಡೆಯೂ ಅದೇ ತೆಂಗಿನ ಮರ, ಅದೇ ನೀಲಿ ನೀರು, ಅದೇ ದೋಣಿ. ಯಾವುದು ಯಾವ ದ್ವೀಪದ್ದು ಅಂತ ನನಗೇ ತಿಳಿಯಲಿಲ್ಲ. ಫೈಲಿನ ತಾರೀಖು ನೋಡಿ ಊರಿನ ಹೆಸರು ಬರೆದುಕೊಂಡೆ.

ಅಷ್ಟು ಫೋಟೊಗಳಲ್ಲಿ ಇವತ್ತಿಗೂ ಗೋಡೆಗೆ ಹಾಕಬಹುದು ಅನ್ನಿಸುವವು ನಾಲ್ಕೇ ನಾಲ್ಕು. ನಾಲ್ಕೂ ನಾನು ಕೂತು ಏನಾದರೂ ತಿಂದ ಜಾಗದವು. ಇದು ಅಕಸ್ಮಾತ್ ಆಗಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ನಾವು ಎದುರಿಗೆ ಸಿಕ್ಕವರನ್ನು ‘ಊಟ ಆಯ್ತಾ?’ ಅಂತ ಕೇಳುತ್ತೇವಲ್ಲ, ಅವರದ್ದೂ ಅದೇ ಪದ್ಧತಿ. ‘ಕುಮಾಯಿನ್ ಕಾ ನಾ?’ ಅಂದರೆ ಊಟ ಆಯ್ತಾ. ತಾವು ಊಟಕ್ಕೆ ಕೂತಾಗ ಯಾರಾದರೂ ಹಾದುಹೋದರೆ ‘ಕಾಯಿನ್ ತಾಯೊ!’ ಅನ್ನುತ್ತಾರೆ. ಬನ್ನಿ ಉಣ್ಣೋಣ ಅಂತ. ಹೆಚ್ಚಿನ ಸಲ ಅದು ಮಾತಿನ ಮರ್ಯಾದೆ ಅಷ್ಟೇ, ನಮ್ಮಲ್ಲೂ ಹಾಗೇ ಅಲ್ವಾ. ಆದರೆ ಆ ಒಂದು ಮಾತಿನಿಂದ ನೀವು ಕ್ಯಾಮೆರಾ ಹಿಡಿದ ಅಪರಿಚಿತ ಅಲ್ಲ, ಮನೆಗೆ ಬಂದವರು. ಫೋಟೊ ಅಲ್ಲಿಂದ ಶುರು. ಹಾಗಾಗಿ ನಿಮ್ಮ ಊಟದ ಪ್ರಶ್ನೆಗೆ ಲೆನ್ಸಿನ ಪ್ರಶ್ನೆಗಿಂತ ಜಾಸ್ತಿ ಜಾಗ ಕೊಡುತ್ತೇನೆ.

ತಿಂಗಳ ಮಾತು ಮೊದಲು ಮುಗಿಸೋಣ. ಅಲ್ಲಿ ಎರಡು ಗಾಳಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯದಿಂದ ಬೀಸೋದು ಅಮಿಹಾನ್. ಜೂನ್‌ನಿಂದ ನೈರುತ್ಯದ ಮಳೆಗಾಳಿ, ಅದಕ್ಕೆ ಹಬಗಾಟ್ ಅನ್ನುತ್ತಾರೆ. ಚಂಡಮಾರುತದ ಕಾಟ ಜಾಸ್ತಿ ಇರೋದೂ ಜೂನ್‌ನಿಂದ ನವೆಂಬರ್‌ವರೆಗೆ. ನೀವು ಏಪ್ರಿಲ್ ಕೊನೆಗೆ ಹೋಗಿ. ಸೆಖೆ ಜೋರಿರುತ್ತದೆ, ಮನಿಲಾದಲ್ಲಿ 34–35 ಡಿಗ್ರಿ ಮಾಮೂಲಿ. ಆದರೂ ಯಾಕೆ ಹೇಳುತ್ತೇನೆ ಅಂದರೆ, ಬನಾವೆ ಹತ್ತಿರದ ಹಳ್ಳಿ ಬಟಾಡ್‌ನ ಗದ್ದೆ ಆಗ ಹಸಿರು, ಬೊಹೋಲ್‌ನ ಗುಡ್ಡ ಆಗ ಕಂದು. ಎರಡೂ ಬಣ್ಣ ಒಟ್ಟಿಗೆ ಸಿಗುವ ವಾರಗಳು ಅವೇ. ಫೆಬ್ರವರಿಯಲ್ಲಿ ಹೋದರೆ ಬಟಾಡ್‌ನಲ್ಲಿ ಆಗಷ್ಟೇ ನಾಟಿ ಆಗಿರುತ್ತದೆ, ಗದ್ದೆಯ ನೀರಿನಲ್ಲಿ ಆಕಾಶ ಕಾಣುತ್ತದೆ. ಅದೂ ಚೆನ್ನ. ಆದರೆ ಮೋಡ ಕವಿದು ಮೂರು ದಿನ ಏನೂ ಕಾಣದೆ ವಾಪಸ್ ಬಂದವರೂ ಇದ್ದಾರೆ. ಈಸ್ಟರ್ ಹಿಂದಿನ ವಾರ ಮಾತ್ರ ಬೇಡ. ಇಡೀ ದೇಶ ಊರಿಗೆ ಹೊರಟಿರುತ್ತದೆ. ಬಸ್ಸಿನಲ್ಲಿ ಸೀಟಿಲ್ಲ, ಗುಡ್ ಫ್ರೈಡೆ ದಿನ ಅಂಗಡಿಗಳೂ ಮುಚ್ಚಿರುತ್ತವೆ.

2025ರ ಜೂನ್‌ನಿಂದ ಭಾರತದವರಿಗೆ 14 ದಿನದ ಪ್ರವಾಸಕ್ಕೆ ವೀಸಾ ಇಲ್ಲದೆ ಬಿಡುತ್ತಿದ್ದಾರೆ. ನಿಮ್ಮ 12 ದಿನ ಅದರೊಳಗೆ ಕೂರುತ್ತದೆ. ಟಿಕೆಟ್ ತೆಗೆಯುವ ಮುಂಚೆ ರಾಯಭಾರ ಕಚೇರಿಯ ಪುಟ ಒಮ್ಮೆ ನೋಡಿಕೊಳ್ಳಿ. ಹೊರಡುವ ಮುನ್ನ ಇ–ಟ್ರಾವೆಲ್ ಅರ್ಜಿ ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳುವ ಪುಟ ಕಂಡರೆ ಅದು ನಕಲಿ.

ಬೆಳಕಿನ ವಿಷಯದಲ್ಲಿ ಒಂದು ಮಾತು. ಮನಿಲಾ ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲೇ ಇದೆ, ಸ್ವಲ್ಪ ಉತ್ತರಕ್ಕೆ ಅಷ್ಟೇ. ಬಿಸಿಲಿನ ಖಾರ ನಿಮಗೆ ಪರಿಚಯದ್ದೇ. ಗಡಿಯಾರ ಮಾತ್ರ ಬೇರೆ. ಸೂರ್ಯ ನಮಗಿಂತ ಇಪ್ಪತ್ತು–ಇಪ್ಪತ್ತೈದು ನಿಮಿಷ ಮುಂಚೆ ಏಳುತ್ತಾನೆ, ಮುಂಚೆಯೇ ಮುಳುಗುತ್ತಾನೆ. ಬೊಹೋಲ್‌ನಲ್ಲಿ ಏಪ್ರಿಲ್ ಕೊನೆಗೆ ಬೆಳಿಗ್ಗೆ ಐದೂವರೆಗೇ ಸೂರ್ಯ ಬಂದಿರುತ್ತಾನೆ, ಸಂಜೆ ಆರಕ್ಕೆಲ್ಲ ಮುಗೀತು. ಏಳೂವರೆಗೆ ಎದ್ದು ಚಹಾ ಕುಡಿದು ಹೊರಟರೆ ನಿಮಗೆ ಸಿಗೋದು ಬಿಳಿಚಿದ ಬೆಳಕು. ನಾಲ್ಕೂವರೆಗೆ ಅಲಾರಂ ಇಡಿ, ಮಧ್ಯಾಹ್ನ ಮಲಗಿ.

ಇನ್ನು ಮನಿಲಾ. ಎಷ್ಟೋ ಜನ ಇದನ್ನು ಬರೀ ಏರ್‌ಪೋರ್ಟ್ ಅಂದುಕೊಂಡು ಬಿಟ್ಟುಹೋಗುತ್ತಾರೆ. ಟ್ರಾಫಿಕ್ ಕೆಟ್ಟದ್ದು, ನಿಜ. ಎರಡು ದಿನ ಇರಿ. ಇಂಟ್ರಾಮುರೋಸ್ ಅಂದರೆ ಕೋಟೆಯೊಳಗಿನ ಹಳೇ ಊರು. 1571ರಲ್ಲಿ ಸ್ಪೇನಿನವರು ಇದನ್ನು ತಮ್ಮ ರಾಜಧಾನಿ ಮಾಡಿಕೊಂಡರು. 1945ರ ಯುದ್ಧದಲ್ಲಿ ಹೆಚ್ಚುಕಡಿಮೆ ಎಲ್ಲಾ ನೆಲಸಮ ಆಯಿತು. 1607ರಲ್ಲಿ ಕಟ್ಟಿ ಮುಗಿಸಿದ ಸಾನ್ ಅಗುಸ್ತಿನ್ ಚರ್ಚು ಮಾತ್ರ ನಿಂತು ಉಳಿಯಿತು. ಅದರ ಒಳಗೆ ತಲೆ ಎತ್ತಿ ಚಾವಣಿ ನೋಡಿ. ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುವ ಹೂಬಳ್ಳಿಯೆಲ್ಲ ಬರೀ ಬಣ್ಣದ ಕೆಲಸ.

ಅಲ್ಲಿಂದ ಸ್ವಲ್ಪ ದೂರದಲ್ಲಿ ರಾಷ್ಟ್ರೀಯ ಮ್ಯೂಸಿಯಂ ಇದೆ, ಒಳಗೆ ಹೋಗೋಕೆ ದುಡ್ಡಿಲ್ಲ. ಬ್ಯಾಂಕಿನಲ್ಲಿದ್ದವರು ನೀವು, ಮಾನವಶಾಸ್ತ್ರ ವಿಭಾಗದಲ್ಲಿರುವ ಲಗುನಾ ತಾಮ್ರಪಟವನ್ನು ನೋಡಲೇಬೇಕು. ಎ4 ಹಾಳೆಯಷ್ಟೂ ದೊಡ್ಡದಲ್ಲ. 1989ರಲ್ಲಿ ಹೊಳೆಯ ಮರಳು ತೆಗೆಯುವಾಗ ಸಿಕ್ಕಿದ್ದು. ಶುರುವಾಗುವುದೇ ನಮ್ಮ ಶಾಸನಗಳ ಹಾಗೆ: ‘ಸ್ವಸ್ತಿ’, ಆಮೇಲೆ ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷ, ಚತುರ್ಥಿ, ಸೋಮವಾರ. ಅಂದರೆ ಕ್ರಿ.ಶ. 900. ವಿಷಯ ಏನು ಗೊತ್ತಾ? ನಮ್ವರನ್ ಎಂಬುವನ ಚಿನ್ನದ ಸಾಲ ಪೂರ್ತಿ ತೀರಿತು, ಇನ್ನು ಅವನ ಮಕ್ಕಳ ಮೇಲೆ ಬಾಕಿ ಇಲ್ಲ ಅಂತ ಬರೆದುಕೊಟ್ಟ ಪತ್ರ. ನಿಮ್ಮ ಭಾಷೆಯಲ್ಲಿ ಹೇಳೋದಾದ್ರೆ ‘ನೋ ಡ್ಯೂ ಸರ್ಟಿಫಿಕೇಟ್’. ಅವರ ಭಾಷೆಯಲ್ಲಿ ಇವತ್ತಿಗೂ ಮೇಷ್ಟ್ರಿಗೆ ‘ಗುರೊ’, ಆಸೆಗೆ ‘ಆಸಾ’, ಮುಖಕ್ಕೆ ‘ಮುಖಾ’. ಯಾರದ್ದಾದರೂ ಮುಖದ ಫೋಟೊ ತೆಗೆದು ಕ್ಯಾಮೆರಾದ ಪರದೆ ತೋರಿಸಿ ‘ಮುಖಾ’ ಅನ್ನಿ. ನಗದೇ ಇರೋರು ಕಮ್ಮಿ.

ಮನಿಲಾದಲ್ಲಿ ನನ್ನ ಅತಿ ಇಷ್ಟದ ಸ್ಟುಡಿಯೊ ಅಂದರೆ ಜೀಪ್ನಿ. ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಬಿಟ್ಟುಹೋದ ಮಿಲಿಟರಿ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು, ಬಸ್ಸು ಮಾಡಿಕೊಂಡರು. ಈಗ ಸರ್ಕಾರ ಹಳೆಯವನ್ನು ತೆಗೆದು ಹೊಸ ಮಾದರಿ ತರುತ್ತಿದೆ, ಹಾಗಾಗಿ ಬೇಗ ನೋಡಿ. ಹತ್ತೋದು ಹಿಂದಿನಿಂದ. ಒಳಗೆ ನಮ್ಮ ಟೆಂಪೊ ಥರ ಎದುರುಬದುರು ಉದ್ದ ಸೀಟು. ಕಂಡಕ್ಟರ್ ಇರೋದು ಅಪರೂಪ. ಹಿಂದೆ ಕೂತವರು ‘ಬಾಯಾದ್ ಪೊ’ ಅಂತ ಚಿಲ್ಲರೆ ಚಾಚುತ್ತಾರೆ. ಅದು ಕೈಯಿಂದ ಕೈಗೆ ದಾಟಿ ಡ್ರೈವರನ ಅಂಗೈ ಸೇರುತ್ತದೆ. ಉಳಿದ ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ, ಒಂದು ಪೆಸೊ ಕಮ್ಮಿ ಆಗಲ್ಲ. ನಾನು ಒಂದಿಡೀ ಮಧ್ಯಾಹ್ನ ಬರೀ ಆ ಕೈಗಳ ಫೋಟೊ ತೆಗೆದೆ. ಉಗುರುಬಣ್ಣದ ಕೈ, ಗ್ರೀಸ್ ಮೆತ್ತಿದ ಕೈ, ಶಾಲೆ ಹುಡುಗಿಯ ಕೈ. ಕಿಟಕಿಯ ಬೆಳಕು ಪಕ್ಕದಿಂದ ಬೀಳುತ್ತದೆ, 35 ಎಂಎಂ ಲೆನ್ಸ್ ಸಾಕು. ಮಧ್ಯೆ ನನ್ನ ಕೈಗೂ ಚಿಲ್ಲರೆ ಬಂತು. ಕ್ಯಾಮೆರಾ ತೊಡೆ ಮೇಲಿಟ್ಟು ದಾಟಿಸಿದೆ. ಇಳಿಯಬೇಕಾದಾಗ ‘ಪಾರಾ ಪೊ’ ಅನ್ನಿ.

ಆ ‘ಪೊ’ ಇದೆಯಲ್ಲ, ಅದು ನಿಮ್ಮ ಹುಬ್ಬಳ್ಳಿಯ ‘ರೀ’. ಸಲಾಮತ್ ಪೊ ಅಂದರೆ ಥ್ಯಾಂಕ್ಸ್ ರೀ. ಹಿರಿಯರ ಜೊತೆ, ಅಪರಿಚಿತರ ಜೊತೆ ಅದು ಬೇಕೇ ಬೇಕು. ನಮ್ಮ ಹಾಗೇ ಅವರೂ ದಾರಿಹೋಕರನ್ನೆಲ್ಲ ನಂಟಸ್ತಿಕೆಯಲ್ಲೇ ಕರೆಯುತ್ತಾರೆ. ಡ್ರೈವರ್ ‘ಕುಯಾ’ ಅಂದರೆ ಅಣ್ಣ, ಅಂಗಡಿಯವಳು ‘ಆತೆ’ ಅಂದರೆ ಅಕ್ಕ, ಮುದುಕಿ ‘ಲೋಲಾ’, ಅಜ್ಜಿ. ‘ಕುಯಾ, ಪಿಕ್ಚರ್ ಪೊ?’ ಅಂದು ಕ್ಯಾಮೆರಾ ತೋರಿಸಿದರೆ ಸಾಕು, ಒಪ್ಪಿದರೆ ಹುಬ್ಬು ಮೇಲೆತ್ತುತ್ತಾರೆ. ಅವರಲ್ಲಿ ಹೂಂ ಅನ್ನೋದು ಹುಬ್ಬಿನಲ್ಲಿ. ಮೊದಲ ಸಲ ನಾನು ಅದನ್ನು ಗೊತ್ತಿಲ್ಲದೆ ‘ಏನಯ್ಯಾ ನಿಂದು’ ಅಂತ ತಿಳಿದು ಕ್ಯಾಮೆರಾ ಒಳಗಿಟ್ಟುಬಿಟ್ಟಿದ್ದೆ.

ಈಗ ಊಟ. ನಿಮ್ಮ ಮನೆಯವರ ಚಿಂತೆ ಬಿಡಿ. ಕಾರವಾರದವರಿಗೆ ಅದು ಇನ್ನೊಂದು ತವರುಮನೆ. ‘ಬಂಗುಸ್’ ಅಂತ ಎಲ್ಲಾ ಕಡೆ ಸಿಗುವ ಮೀನು ನಮ್ಮ ಕರಾವಳಿಯ ಹೂಮೀನು. ಹೊಟ್ಟೆಗೆ ಟೊಮೆಟೊ, ಈರುಳ್ಳಿ ತುಂಬಿ ಕೆಂಡದ ಮೇಲೆ ಸುಡುತ್ತಾರೆ. ‘ಸಿನಿಗಾಂಗ್’ ಅಂದರೆ ಹುಣಸೆಯ ಹುಳಿನೀರಿನಲ್ಲಿ ಸಿಗಡಿಯೋ ಮೀನೋ ಸೊಪ್ಪಿನ ಜೊತೆ ಬೇಯಿಸಿದ ಸಾರು. ಖಾರ ಇರಲ್ಲ, ಅದೊಂದೇ ತಕರಾರು ಬರಬಹುದು. ಹಸಿಮೆಣಸು ಕೇಳಿ ಪಕ್ಕಕ್ಕೆ ಇಸ್ಕೊಳ್ಳಿ.

ನಿಮ್ಮದೇ ಕಷ್ಟ. ಸುಮ್ನೆ ಹೆದರಿಸ್ತಾ ಇಲ್ಲ. ಅಲ್ಲಿ ತರಕಾರಿಗೂ ರುಚಿಗೆ ಅಂತ ಎರಡು ಸಾಮಾನು ಬೀಳುತ್ತವೆ. ಒಂದು ‘ಪಾಟಿಸ್’, ಮೀನು ಕೊಳೆಸಿ ಇಳಿಸಿದ ಉಪ್ಪುನೀರು. ಇನ್ನೊಂದು ‘ಬಗೂಂಗ್’, ಮೀನು ಅಥವಾ ಸಣ್ಣ ಸಿಗಡಿಯನ್ನು ಉಪ್ಪು ಹಾಕಿ ಹುದುಗಿಸಿದ ಗೊಜ್ಜು. ಪಿನಕ್‌ಬೆಟ್ ಅಂತ ಹಾಗಲಕಾಯಿ, ಬದನೆ, ಬೆಂಡೆ ಹಾಕಿದ ಪಲ್ಯ ನೋಡಿದರೆ ನಮ್ಮನೆಯದ್ದೇ ಅನ್ನಿಸುತ್ತದೆ. ಅದರಲ್ಲೂ ಬಗೂಂಗ್ ಇರುತ್ತದೆ. ‘ವೆಜಿಟೇರಿಯನ್’ ಅಂದರೆ ಎಷ್ಟೋ ಕಡೆ ಮಾಂಸದ ತುಂಡು ಬದಿಗೆ ತಳ್ಳಿ ಕೊಡುತ್ತಾರೆ. ಈ ಸಾಲು ಬಾಯಿಪಾಠ ಮಾಡಿ: ‘ಗುಲಾಯ್ ಲಾಂಗ್ ಪೊ. ವಲಾಂಗ್ ಕರ್ನೆ, ವಲಾಂಗ್ ಇಸ್ದಾ, ವಲಾಂಗ್ ಹಿಪೊನ್, ವಲಾಂಗ್ ಪಾಟಿಸ್, ವಲಾಂಗ್ ಬಗೂಂಗ್.’ ತರಕಾರಿ ಮಾತ್ರ ರೀ. ಮಾಂಸ ಬೇಡ, ಮೀನು ಬೇಡ, ಸಿಗಡಿ ಬೇಡ, ಆ ಎರಡೂ ಬೇಡ. ಇಷ್ಟುದ್ದ ಹೇಳಿದರೆ ಅವರಿಗೆ ನಗು ಬರುತ್ತದೆ, ಆದರೆ ಅರ್ಥ ಆಗುತ್ತದೆ.

ಊಟಕ್ಕೆ ‘ಕರಿಂಡೆರಿಯಾ’ ಹುಡುಕಿ. ರಸ್ತೆ ಬದಿಯ ಸಣ್ಣ ಖಾನಾವಳಿ. ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಮುಚ್ಚಳ ತೆಗೆದು ತೋರಿಸುತ್ತಾರೆ, ನೀವು ಬೆರಳು ಮಾಡಿ ಹೇಳೋದು. ಅದಕ್ಕೇ ‘ತುರೊ–ತುರೊ’ ಅಂತಲೂ ಹೆಸರು, ತೋರಿಸು–ತೋರಿಸು ಅಂದ ಹಾಗೆ. ಅಲ್ಲಿ ‘ತೊರ್ತಾಂಗ್ ತಲೋಂಗ್’ ಕೇಳಿ. ಇಡೀ ಬದನೆಕಾಯಿಯನ್ನು ನಾವು ಸುಟ್ಟ ಬದನೆಕಾಯಿ ಗೊಜ್ಜಿಗೆ ಮಾಡುವ ಹಾಗೆ ಉರಿಯಲ್ಲಿ ಸುಡುತ್ತಾರೆ. ಸಿಪ್ಪೆ ಸುಲಿದು, ತೊಟ್ಟು ಹಾಗೇ ಬಿಟ್ಟು, ಒತ್ತಿ ಚಪ್ಪಟೆ ಮಾಡಿ, ಮೊಟ್ಟೆಯಲ್ಲಿ ಅದ್ದಿ ಕಾವಲಿಗೆ ಹಾಕುತ್ತಾರೆ. ಕೆಲವರು ಖೀಮಾ ಸೇರಿಸುತ್ತಾರೆ, ಕೇಳಿಕೊಳ್ಳಿ. ಜೊತೆಗೆ ‘ಸಿನಾಂಗಾಗ್’, ಬೆಳ್ಳುಳ್ಳಿ ಒಗ್ಗರಣೆಯ ಅನ್ನ. ಮೇಲೆ ಕಲಮನ್ಸಿ ಹಿಂಡಿ. ಗೋಲಿಯಷ್ಟು ದೊಡ್ಡ ನಿಂಬೆ ಅದು. ಶುಕ್ರವಾರ ‘ಮುಂಗೊ’ ಮಾಡುವ ಮನೆಗಳು ಜಾಸ್ತಿ. ಹೆಸರು ಕೇಳಿದರೇ ಗೊತ್ತಾಗುತ್ತೆ ಅಲ್ವಾ? ನಮ್ಮ ಹೆಸರುಕಾಳು. ಅದಕ್ಕೂ ಒಣಮೀನು ಬಿದ್ದಿರಬಹುದು, ಕೇಳದೆ ಬಡಿಸಿಕೊಳ್ಳಬೇಡಿ.

‘ಲಾಯಿಂಗ್’ ಅಂದರೆ ಕೆಸುವಿನ ಎಲೆ, ತೆಂಗಿನಹಾಲಿನಲ್ಲಿ. ಮಾಮೂಲಿನಲ್ಲಿ ಹಂದಿಯೋ ಒಣಮೀನೋ ಸೇರಿರುತ್ತದೆ, ಹಾಗಾಗಿ ನಿಮಗಲ್ಲ. ಆದರೆ ಅದರ ಅಡುಗೆ ನೋಡಿ. ಎಲೆ ಒಣಗಿಸಿ ಹಾಕುತ್ತಾರೆ, ಬೇಯುವವರೆಗೆ ಸೌಟು ಹಾಕಿ ತಿರುವಬಾರದು, ತಿರುವಿದರೆ ಗಂಟಲು ತುರಿಸುತ್ತದೆ ಅನ್ನುತ್ತಾರೆ. ನಮ್ಮ ಮಲೆನಾಡಿನ ಅಜ್ಜಿಯರು ಅದಕ್ಕೇ ಹುಣಸೆಹುಳಿ ಸುರಿಯುತ್ತಾರೆ. ಒಂದೇ ತುರಿಕೆಗೆ ಎರಡು ಉಪಾಯ.

ಬೆಳಿಗ್ಗೆ ‘ತಾಹೋ’ ಸಿಗುತ್ತದೆ, ಇದು ನಿಮಗೆ ಪೂರ್ತಿ ನಡೆಯುತ್ತದೆ. ಆರು ಗಂಟೆಗೆ ಬೀದಿಯಲ್ಲಿ ‘ತಾಹೋಓಓ’ ಅಂತ ಕೂಗು ಕೇಳಿದರೆ ಚಪ್ಪಲಿ ಹಾಕಿಕೊಂಡು ಇಳಿದುಬಿಡಿ. ಹೆಗಲ ಮೇಲೆ ಅಡ್ಡೆ, ಎರಡು ಕಡೆ ಎರಡು ಅಲ್ಯುಮಿನಿಯಂ ಡಬ್ಬ. ಒಂದರಲ್ಲಿ ಸೋಯಾ ಹಾಲಿನಿಂದ ಮಾಡಿದ, ಮೊಸರಿಗಿಂತ ಮೆತ್ತಗಿನ ಗಡ್ಡೆ. ಇನ್ನೊಂದರಲ್ಲಿ ಬೆಲ್ಲದ ಬಣ್ಣದ ಸಕ್ಕರೆ ಪಾಕ, ಸಾಬೂದಾನಿ. ಅವನು ಚಪ್ಪಟೆ ಸೌಟಿನಿಂದ ಮೇಲೆ ನಿಂತ ನೀರನ್ನು ಬಳಿದು ಪಕ್ಕಕ್ಕೆ ಚೆಲ್ಲುತ್ತಾನೆ. ಆಮೇಲೆ ಅದೇ ಸೌಟಿನಲ್ಲಿ ಪದರ ಪದರವಾಗಿ ಗಡ್ಡೆ ತೆಗೆದು ಲೋಟಕ್ಕೆ ಜಾರಿಸುತ್ತಾನೆ. ಪಾಕ ಹುಯ್ದಾಗ ಹಬೆ ಏಳುತ್ತದೆ. ಎದುರು ಬಿಸಿಲಿದ್ದರೆ ಆ ಹಬೆಗೆ ಬೆಳಕು ಹಿಡಿಯುತ್ತದೆ, ಸೂರ್ಯನಿಗೆ ಎದುರಾಗಿ ನಿಂತು ತೆಗೆಯಿರಿ. ಮೊದಲ ಲೋಟ ನೀವು ಕುಡಿಯಿರಿ. ಎರಡನೆಯದು ಮನೆಯವರಿಗೆ ಕೊಳ್ಳುವಾಗ ಕ್ಯಾಮೆರಾ ತೆಗೆಯಿರಿ. ಸಂಜೆಗೆ ‘ತುರೋನ್’, ಬಾಳೆಹಣ್ಣು, ಹಲಸಿನ ತೊಳೆ, ಸಕ್ಕರೆ ಸುತ್ತಿ ಕರಿದದ್ದು.

ತೀರಾ ಸೋತರೆ ಮನಿಲಾದ ಪಾಕೊ ಬಡಾವಣೆಗೆ ಹೋಗಿ. ಅಲ್ಲಿ ಮಹಾತ್ಮ ಗಾಂಧಿ ಬೀದಿ ಅಂತಲೇ ಇದೆ, ಹಿಂದೂ ದೇವಸ್ಥಾನ ಆ ಬೀದಿಯಲ್ಲಿ, ಗುರುದ್ವಾರವೂ ಹತ್ತಿರದಲ್ಲೇ.

ಎರಡನೇ ರಾತ್ರಿ ಬನಾವೆಗೆ ಬಸ್ಸು ಹಿಡಿಯಿರಿ. ಒಂಬತ್ತು–ಹತ್ತು ಗಂಟೆಯ ದಾರಿ. ಹೊರಗೆ ಎಷ್ಟೇ ಸೆಖೆ ಇರಲಿ, ಬಸ್ಸಿನ ಎಸಿಗೆ ಸ್ವೆಟರ್ ಬೇಕು, ಕಂಬಳಿ ಇದ್ದರೂ ತಪ್ಪಿಲ್ಲ. ಬನಾವೆ ಪೇಟೆಯ ಮೇಲಿನ ವ್ಯೂ ಪಾಯಿಂಟಿನಲ್ಲಿ ಎಲ್ಲರೂ ಬೆಟ್ಟದ ಮೆಟ್ಟಿಲುಗದ್ದೆಗಳ ಫೋಟೊ ತೆಗೆಯುತ್ತಾರೆ. ಆದರೆ 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಐದು ಜಾಗಗಳಲ್ಲಿ ಅದು ಇಲ್ಲ. ಬಟಾಡ್ ಇದೆ, ಬಂಗಾನ್ ಇದೆ. ಬಟಾಡ್‌ಗೆ ಗಾಡಿ ಕೊನೆವರೆಗೆ ಹೋಗಲ್ಲ, ಇಳಿದು ನಡೆಯಬೇಕು. ಮಂಡಿ ನೋವಿದ್ದರೆ ಮೊದಲೇ ಯೋಚಿಸಿ, ಮೆಟ್ಟಿಲು ಕಡಿದಾಗಿವೆ. ಆಗಲ್ಲ ಅನ್ನಿಸಿದರೆ ಬಂಗಾನ್ ಹಳ್ಳಿ ರಸ್ತೆಯಿಂದಲೇ ಕಾಣುತ್ತದೆ, ಗದ್ದೆಗಳ ನಡುವೆ ಒಂದು ಹಿಡಿ ಮನೆಗಳು.

ಬಟಾಡ್‌ನಲ್ಲಿ ಗುಡ್ಡ ಬಟ್ಟಲಿನ ಹಾಗೆ ಬಾಗಿದೆ. ಅದರ ಒಳಮೈ ತುಂಬ ಗದ್ದೆ. ಬದುಗಳು ಕಲ್ಲಿನವು, ಕೆಲವು ಆಳೆತ್ತರಕ್ಕಿಂತ ಜಾಸ್ತಿ. ಎರಡು ಸಾವಿರ ವರ್ಷ ಹಳೆಯದು ಅಂತ ಬೋರ್ಡುಗಳಲ್ಲಿ ಬರೆದಿರುತ್ತದೆ. ಇತ್ತೀಚೆಗೆ ಅಗೆದು ನೋಡಿದ ಪುರಾತತ್ವದವರು, ಇಷ್ಟು ದೊಡ್ಡದಾಗಿ ಬೆಳೆದದ್ದು ಸ್ಪೇನಿನವರು ಬಂದ ಮೇಲೆ, ಸುಮಾರು ನಾನೂರು ವರ್ಷದ ಹಿಂದೆ ಅನ್ನುತ್ತಾರೆ. ಬಯಲಿನಿಂದ ತಪ್ಪಿಸಿಕೊಂಡು ಬಂದವರು ಬೆಟ್ಟ ಕಡಿದು ಗದ್ದೆ ಮಾಡಿಕೊಂಡರು ಅಂತ. ನನಗಂತೂ ಈ ಎರಡನೇ ಕಥೆಯೇ ದೊಡ್ಡದು ಅನ್ನಿಸುತ್ತದೆ. ಮೇಲೆ ‘ಮುಯೋಂಗ್’ ಅನ್ನುವ ಮನೆತನದ ಕಾಡು. ಆ ಕಾಡು ನೀರು ಹಿಡಿದಿಟ್ಟು ಮೇಲಿನ ಗದ್ದೆಗೆ ಬಿಡುತ್ತದೆ, ಅಲ್ಲಿಂದ ಕೆಳಗಿನದಕ್ಕೆ. ಬದುವಿನ ಮೇಲೆ ಕೂತರೆ ಕಿವಿಗೆ ಬೀಳೋದು ಆ ನೀರಿನ ಸದ್ದು ಒಂದೇ.

ಊರಿನ ಗೈಡ್ ತಗೊಳ್ಳಿ. ಬದುವಿನ ಮೇಲೆ ಕಾಲು ಜಾರಿದರೆ ನೇರ ಕೆಳಗಿನ ಗದ್ದೆಗೆ. ಊರಲ್ಲಿ ಎಟಿಎಂ ಇಲ್ಲ, ದುಡ್ಡು ಬನಾವೆಯಲ್ಲೇ ತೆಗೆದಿಟ್ಟುಕೊಳ್ಳಿ. ಅಲ್ಲೇ ಒಂದು ಮನೆಯಲ್ಲಿ ಎರಡು ರಾತ್ರಿ ಉಳಿಯಿರಿ. ಬಿಸಿಲೇರಿದ ಮೇಲೆ ಬಂದು ಮಧ್ಯಾಹ್ನ ಹೋಗುವವರಿಗೆ ಹಸಿರೆಲ್ಲ ಒಂದೇ ಹಸಿರು. ಸಂಜೆ ಐದಕ್ಕೆ ಬೆಳಕು ಅಡ್ಡ ಬಿದ್ದಾಗ ಒಂದೊಂದು ಬದುವೂ ಬೇರೆ ಬೇರೆ ಗೆರೆಯಾಗಿ ಎದ್ದು ಬರುತ್ತದೆ. ಆಗ 70–200 ಲೆನ್ಸ್ ಹಾಕಿ, ಗದ್ದೆಯಲ್ಲಿ ಬಗ್ಗಿದ ಒಬ್ಬರನ್ನು ಸಣ್ಣ ಚುಕ್ಕೆಯಾಗಿ ಇಟ್ಟು ತೆಗೆಯಿರಿ. ಇಲ್ಲದಿದ್ದರೆ ಅಳತೆ ಗೊತ್ತಾಗಲ್ಲ.

ಬನಾವೆ ವ್ಯೂ ಪಾಯಿಂಟಿನಲ್ಲಿ ಗರಿಯ ಕಿರೀಟ ಹಾಕಿಕೊಂಡು ಕೂತ, ಈ ಬೆಟ್ಟದ ಇಫುಗಾವೊ ಜನಾಂಗದ ಅಜ್ಜ–ಅಜ್ಜಿಯರು ಸಿಗುತ್ತಾರೆ. ಫೋಟೊಗೆ ದುಡ್ಡು ಕೇಳುತ್ತಾರೆ. ಕೊಡಿ, ಅದು ಅವರ ಕೆಲಸ, ಚೌಕಾಸಿ ಮಾಡಬೇಡಿ. ಆದರೆ ಆ ಫೋಟೊ ಎಲ್ಲರ ಹತ್ತಿರವೂ ಇದೆ. ಇದೇ ಬೆಟ್ಟಸಾಲಿನ ಸಗಾಡಾದಲ್ಲಿ ಎಡುವಾರ್ಡೊ ಮಾಸ್ಫೆರೆ ಅಂತ ಒಬ್ಬರಿದ್ದರು, 1909ರಿಂದ 1995. ತಂದೆ ಸ್ಪೇನಿನವರು, ತಾಯಿ ಅಲ್ಲಿಯವರು. 1930ರ ದಶಕದಿಂದ ಈ ಬೆಟ್ಟದ ಜನರ ಫೋಟೊ ತೆಗೆದರು. ಅವರ ಚಿತ್ರಗಳಲ್ಲಿ ಯಾರೂ ಕ್ಯಾಮೆರಾಕ್ಕೆ ಹೆದರಿ ನಿಂತಿಲ್ಲ, ಪ್ರದರ್ಶನಕ್ಕೂ ನಿಂತಿಲ್ಲ. ಹೋಗುವ ಮುಂಚೆ ಹುಡುಕಿ ನೋಡಿ.

ಆಮೇಲೆ ಮನಿಲಾಗೆ ವಾಪಸ್ ಬಂದು ಬೊಹೋಲ್‌ಗೆ ವಿಮಾನ, ಪಂಗ್ಲಾವೊದಲ್ಲಿ ಇಳಿಯಿರಿ. 200 ಪೆಸೊ ನೋಟು ತೆಗೆದು ನೋಡಿ, ನೀವು ನೋಡಬೇಕಾದ ಎರಡೂ ಅದರ ಹಿಂಬದಿಯಲ್ಲಿವೆ: ಚಾಕೊಲೇಟ್ ಗುಡ್ಡ ಮತ್ತು ಟಾರ್ಸಿಯರ್. ಗುಡ್ಡಗಳು ಸಾವಿರದ ಇನ್ನೂರಕ್ಕೂ ಜಾಸ್ತಿ. ಹಿಂದೊಮ್ಮೆ ಸಮುದ್ರದ ತಳದಲ್ಲಿದ್ದ ಹವಳದ ಸುಣ್ಣಕಲ್ಲು ಮೇಲೆದ್ದು, ಮಳೆಗೆ ಸವೆದು ಹೀಗಾಗಿದೆ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಅವರಿಗೆ ಚಾಕೊಲೇಟ್ ನೆನಪಾಗುತ್ತದೆ. ನನಗೆ ಕಣದಲ್ಲಿ ರಾಶಿ ಹಾಕಿದ ರಾಗಿ ನೆನಪಾಯಿತು. ಕಾರ್ಮೆನ್ ಊರಿನ ವ್ಯೂ ಪಾಯಿಂಟಿಗೆ ಇನ್ನೂರು ಚಿಲ್ಲರೆ ಮೆಟ್ಟಿಲು. ಬಾಗಿಲು ತೆಗೆದ ಕೂಡಲೇ ಹತ್ತಿ, ತಪ್ಪಲಿನ ಮಂಜು ಬೇಗ ಕರಗುತ್ತದೆ.

ಟಾರ್ಸಿಯರ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪ್ರಾಣಿ. ಒಂದೊಂದು ಕಣ್ಣೂ ಅದರ ಮಿದುಳಿನಷ್ಟು ದೊಡ್ಡದು. ರಾತ್ರಿ ಓಡಾಡುವ ಜೀವ, ಹಗಲು ಅದರ ನಿದ್ದೆ. ಕೊರೆಲ್ಯಾ (Corella) ಊರಿನ ಅಭಯಧಾಮಕ್ಕೇ ಹೋಗಿ. ಅಲ್ಲಿ ಪಿಸುಮಾತಷ್ಟೇ, ಫ್ಲ್ಯಾಶ್ ಇಲ್ಲ, ಹತ್ತಿರ ಬಿಡಲ್ಲ. ಕಣ್ಣು ಮುಚ್ಚಿದ ಫೋಟೊ ಸಿಕ್ಕರೆ ಅದೇ ಒಳ್ಳೆಯ ಫೋಟೊ. ಹಗಲಲ್ಲಿ ಕಣ್ಣು ಪೂರ್ತಿ ತೆರೆದು ನೋಡುತ್ತಿದೆ ಅಂದರೆ ಅದಕ್ಕೆ ಗಾಬರಿಯಾಗಿದೆ ಅಂತ ತಿಳಿಯಿರಿ.

ಬೊಹೋಲ್‌ನಲ್ಲಿ ನಿಮಗೆ ನಿಜವಾಗಿ ತೋರಿಸಬೇಕು ಅಂತ ನನಗಿರೋದು ಉಪ್ಪು. ಅಲ್ಬುರ್ಕೆರ್ಕೆ ಅನ್ನುವ ಊರಿನಲ್ಲಿ ಬೆರಳೆಣಿಕೆಯ ಮನೆಯವರು ‘ಅಸಿನ್ ತಿಬುವೊಕ್’ ಮಾಡುತ್ತಾರೆ. ಒಡೆಯದ ಉಪ್ಪು ಅಂತ ಅರ್ಥ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಸಮುದ್ರದ ನೀರಿನ ಗುಂಡಿಯಲ್ಲಿ ನೆನೆಹಾಕುತ್ತಾರೆ. ತೆಗೆದು ಕತ್ತರಿಸಿ, ಒಣಗಿಸಿ, ದಿನಗಟ್ಟಲೆ ನಿಧಾನವಾಗಿ ಸುಟ್ಟು ಬೂದಿ ಮಾಡುತ್ತಾರೆ. ಆ ಬೂದಿಯ ಮೇಲೆ ಮತ್ತೆ ಸಮುದ್ರದ ನೀರು ಹುಯ್ದು ಸೋಸುತ್ತಾರೆ. ಆ ಗಟ್ಟಿ ಉಪ್ಪುನೀರನ್ನು ಉದ್ದ ಒಲೆಯ ಮೇಲೆ ತೂಗುಹಾಕಿದ ಮಣ್ಣಿನ ಮಡಕೆಗಳಿಗೆ ಸುರಿದು ಕುದಿಸುತ್ತಾರೆ. ಇಂಗಿದ ಹಾಗೆ ಮತ್ತೆ ಮತ್ತೆ ಸುರಿಯಬೇಕು, ಗಂಟೆಗಟ್ಟಲೆ. ಕೊನೆಗೆ ಮಡಕೆಯ ತಳ ಬಿರಿದು ಉದುರುತ್ತದೆ, ಒಳಗಿಂದ ಮೊಟ್ಟೆಯಂಥ ಬಿಳಿ ಉಪ್ಪಿನ ಗಡ್ಡೆ ಇಣುಕುತ್ತದೆ. ಅದನ್ನು ಬಿಸಿ ಅನ್ನದ ಮೇಲೆ ತುರಿದುಕೊಂಡು ತಿನ್ನುತ್ತಾರೆ. ಸ್ವಲ್ಪ ಹೊಗೆಯ ವಾಸನೆ ಇರುತ್ತದೆ.

ನಾನು ಹೋದಾಗ ಮೊದಲ ಎರಡು ಗಂಟೆ ಕ್ಯಾಮೆರಾ ಚೀಲದಲ್ಲೇ ಇತ್ತು. ಬೊಹೋಲ್‌ನಲ್ಲಿ ಭಾಷೆ ಬೇರೆ, ಬಿಸಾಯಾ. ಅಲ್ಲಿ ‘ಪೊ’ ನಡೆಯಲ್ಲ, ಕಾಯಿನ್ ತಾಯೊ ಕೂಡ ಇಲ್ಲ. ಒಲೆಯ ಪಕ್ಕ ಕೂತಿದ್ದ ಮುದುಕ ‘ಕಾಓನ್ ತಾ’ ಅಂದು ಬೇಯಿಸಿದ ಬಾಳೆಕಾಯಿ ಮುಂದೆ ತಳ್ಳಿದ. ಅದೂ ‘ಬನ್ನಿ ಉಣ್ಣೋಣ’ ಅಂತಲೇ. ತಿಂದೆ. ಉಪ್ಪುನೀರು ಹುಯ್ಯುವ ಚಿಪ್ಪನ್ನು ಒಂದು ಸಲ ನನ್ನ ಕೈಗೂ ಕೊಟ್ಟ. ಜಾಸ್ತಿ ಸುರಿದುಬಿಟ್ಟೆ, ಬೆಂಕಿ ಚುಂಯ್ ಅಂತು, ಅವನ ಮಗಳು ನಕ್ಕಳು. ನನ್ನ ಗೋಡೆಯ ಮೇಲಿರೋದು ಆ ನಗು. 35 ಎಂಎಂ, ಐಎಸ್‌ಒ 3200, ಬೆಂಕಿಯ ಬೆಳಕು ಮಾತ್ರ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬೇಡಿ, ಅದು ಬೆಂಕಿಯ ಕೆಂಪನ್ನೆಲ್ಲ ತೊಳೆದುಹಾಕುತ್ತದೆ. ಡೇಲೈಟ್‌ಗೆ ಇಡಿ. ದಿನಾ ಒಲೆ ಹಚ್ಚಲ್ಲ, ಉಳಿದುಕೊಂಡ ಕಡೆಯವರ ಹತ್ತಿರ ವಿಚಾರಿಸಿಕೊಂಡು ಹೋಗಿ.

ಲೆನ್ಸಿನ ಪಟ್ಟಿ ಇಷ್ಟರಲ್ಲಿ ನಿಮಗೇ ಗೊತ್ತಾಗಿರಬೇಕು. ಒಂದು 35, ಒಂದು 70–200, ಮುಗೀತು. ನೀರಿನ ಹೊಳಪು ಕಡಿಮೆ ಮಾಡೋಕೆ ಪೋಲರೈಸರ್ ಫಿಲ್ಟರ್ ಇರಲಿ. ಎಸಿ ರೂಮಿನಿಂದ ಹೊರಗೆ ಬಂದ ಕೂಡಲೇ ಲೆನ್ಸಿಗೆ ಮಂಜು ಕಟ್ಟುತ್ತದೆ. ರಾತ್ರಿ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಹಾಕಿ ಮುಚ್ಚಿಡಿ, ಹೊರಗೆ ಬಂದು ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಬಂಕಾ ಅನ್ನುವ, ಎರಡು ಬದಿಗೂ ಬಿದಿರು ಕಟ್ಟಿದ ದೋಣಿ ಹತ್ತಿದರೆ ಎಲ್ಲಾ ಡ್ರೈ ಬ್ಯಾಗಿನಲ್ಲಿ ಇರಲಿ. ನಾನು ಐದೇ ನಿಮಿಷದ ದಾರಿ ಅಲ್ವಾ ಅಂತ ಕೊರಳಿಗೆ ಹಾಕಿಕೊಂಡೇ ಕೂತಿದ್ದೆ. ಒಂದು ಅಲೆ ಬಂತು. ಆ ಕ್ಯಾಮೆರಾ ಈಗ ಶೋಕೇಸಿನಲ್ಲಿದೆ.

ಡ್ರೋನ್ ಬೇಡ. ಟಾರ್ಸಿಯರ್ ಇರುವ ಕಡೆ ಅದರ ಸದ್ದು ಮಹಾಪಾಪ, ಇಂಟ್ರಾಮುರೋಸ್‌ನಲ್ಲಿ ಅನುಮತಿಗೆ ಓಡಾಡಬೇಕು, ಬಟಾಡ್‌ನಲ್ಲಿ ನೀವು ಉಳಿದ ಮನೆಯ ಜಗಲಿಯೇ ಸಾಕಷ್ಟು ಎತ್ತರದಲ್ಲಿದೆ.

ಕೊನೆಗೆ ನಿಮ್ಮ ಮಗನ ಬಲೂಟ್. ಬಾತುಕೋಳಿ ಮೊಟ್ಟೆಗೆ ಎರಡು ವಾರಕ್ಕೂ ಜಾಸ್ತಿ ಕಾವು ಕೊಟ್ಟು, ಒಳಗೆ ಮರಿ ಅರ್ಧ ಬೆಳೆದಿರುವಾಗಲೇ ಬೇಯಿಸಿಬಿಡುತ್ತಾರೆ. ಮೊಟ್ಟೆ ನಡೆಯುತ್ತದೆ ಅಂದಿದ್ದೀರಿ, ಇದು ಆ ಲೆಕ್ಕಕ್ಕೆ ಬರಲ್ಲ. ಮಾರೋದು ಕತ್ತಲಾದ ಮೇಲೆ. ಬುಟ್ಟಿಗೆ ಬಟ್ಟೆ ಹೊದಿಸಿ ಬಿಸಿ ಇಟ್ಟುಕೊಂಡು ‘ಬಲೂಊಟ್’ ಅಂತ ಕೂಗುತ್ತಾ ಬರುತ್ತಾರೆ. ಜನ ಮೊದಲು ತುದಿಯಲ್ಲಿ ಸಣ್ಣ ತೂತು ಮಾಡಿ ಒಳಗಿನ ರಸ ಹೀರುತ್ತಾರೆ, ಆಮೇಲೆ ಚಿಪ್ಪು ಸುಲಿದು ಉಪ್ಪು, ವಿನೆಗರ್ ಹಾಕಿಕೊಳ್ಳುತ್ತಾರೆ. ಒಳಗಿನದರ ಫೋಟೊ ಬೇಡ, ಅಂತರ್ಜಾಲದಲ್ಲಿ ರಾಶಿ ಬಿದ್ದಿದೆ. ಹೀರುವವರ ಮುಖ ತೆಗೆಯಿರಿ, ಕಣ್ಣು ಮುಚ್ಚಿಕೊಂಡಿರುತ್ತಾರೆ. ಎರಡು ಕೊಂಡು ಪಕ್ಕದಲ್ಲಿ ನಿಂತವರಿಗೆ ಕೊಡಿ. ಮನೆಯವರು ತಿನ್ನುತ್ತೀನಿ ಅಂದರೆ ನೀವು ಕ್ಯಾಮೆರಾ ರೆಡಿ ಇಟ್ಟುಕೊಂಡಿರಿ.